ಒಂದು ನಗರದ ಪಶ್ಚಾತ್ತಾಪ

ಪಾಪವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಸುಳ್ಳು, ಕಳ್ಳತನ, ಮದ್ಯಪಾನ, ಬಡ್ಡಿ ಮುಂತಾದವು. ನೆರೆಯವನ ಬಾವಿಯ ನೀರನ್ನು ಕೆಡಿಸುವುದು, ಅವನ ಮಕ್ಕಳು ಉಸಿರಾಡುವ ಗಾಳಿಗೆ ವಿಷ ಬೆರೆಸುವುದು ಆ ಪಟ್ಟಿಯಲ್ಲಿ ಕಾಣುವುದು ಅಪರೂಪ. ಆದರೆ ಪವಿತ್ರ ಕುರ್‌ಆನ್ ಇದನ್ನು ಕಡೆಗಣಿಸಿಲ್ಲ. ಮನುಷ್ಯರ ಕೈಗಳ ಗಳಿಕೆಯಿಂದಲೇ ನೆಲದಲ್ಲೂ ಜಲದಲ್ಲೂ ಕ್ಷೋಭೆ ತಲೆದೋರಿದೆ ಎಂಬುದು ಸೂರಃ ಅರ್ರೂಮ್‌ನ 41ನೆಯ ಸೂಕ್ತದ ಸಾರ. ಈ ಕ್ಷೋಭೆಯಲ್ಲಿ ಅನ್ಯಾಯ, ಅಕ್ರಮ, ಬರ, ಸಮೃದ್ಧಿಯ ನಾಶ ಎಲ್ಲವನ್ನೂ ವ್ಯಾಖ್ಯಾನಕಾರರು ಸೇರಿಸಿದ್ದಾರೆ. ಸೂಕ್ತವು ಅಲ್ಲಿಗೇ ನಿಲ್ಲುವುದಿಲ್ಲ. ಜನರಿಗೆ ತಮ್ಮ ಕೃತ್ಯಗಳ ರುಚಿಯನ್ನು ತೋರಿಸುವುದು ಅವರು ಮರಳಲೆಂದೇ ಎಂದು ಅದು ಮುಗಿಯುತ್ತದೆ.

ಹಾಗಾದರೆ ಮರಳುವುದು ಎಂದರೇನು? ತಪ್ಪಾಯಿತು ಎಂದು ಬಾಯಲ್ಲಿ ಹೇಳಿದರೆ ಸಾಕೆ? ಜಪಾನಿನ ಕಿತಾಕ್ಯೂಶು ನಗರದ ಚರಿತ್ರೆಯು ಈ ಪ್ರಶ್ನೆಯನ್ನು ಅರ್ಥ ಮಾಡಿಕೊಳ್ಳಲು ನೆರವಾಗುತ್ತದೆ. ಅದು ಮುಸ್ಲಿಮರ ನಗರವಲ್ಲ. ಆದರೆ ಸತ್ಯವಿಶ್ವಾಸಿಗೆ ಪಾಠ ಎಲ್ಲಿ ಸಿಕ್ಕರೂ ಪಾಠವೇ.

ಏಳು ಬಣ್ಣದ ಹೊಗೆ

1901ರಲ್ಲಿ ಅಲ್ಲಿನ ಯಹಾತಾ ಎಂಬಲ್ಲಿ ಸರಕಾರದ ಉಕ್ಕಿನ ಕಾರ್ಖಾನೆ ಆರಂಭವಾಯಿತು. ಹತ್ತಿರದಲ್ಲೇ ಕಲ್ಲಿದ್ದಲಿನ ಗಣಿಗಳಿದ್ದವು. ಬರಬರುತ್ತಾ ಉಕ್ಕು, ರಾಸಾಯನಿಕ, ಸಿಮೆಂಟ್, ವಿದ್ಯುತ್ ಸ್ಥಾವರಗಳು ದೋಕಾಯಿ ಕೊಲ್ಲಿಯ ಸುತ್ತ ಕಿಕ್ಕಿರಿದವು. 1963ರಲ್ಲಿ ಐದು ಪಟ್ಟಣಗಳು ಒಂದಾಗಿ ಕಿತಾಕ್ಯೂಶು ನಗರವಾಯಿತು. ಚಿಮಣಿಗಳಿಂದ ಏಳು ಬಣ್ಣದ ಹೊಗೆ ಏಳುತ್ತಿತ್ತು. ಅದನ್ನು ಜನ ಸಮೃದ್ಧಿಯ ಗುರುತೆಂದು ಹೆಮ್ಮೆಯಿಂದ ಕೊಂಡಾಡುತ್ತಿದ್ದರು.

ಆ ಹೆಮ್ಮೆಯ ಬೆಲೆ ಏನು? 1965ರಲ್ಲಿ ಶಿರೋಯಾಮಾ ಪ್ರದೇಶದಲ್ಲಿ ಪ್ರತಿ ಚದರ ಕಿಲೋಮೀಟರಿಗೆ ತಿಂಗಳಿಗೆ ಸರಾಸರಿ 80 ಟನ್ ಮಸಿ-ಧೂಳು ಬೀಳುತ್ತಿತ್ತು. ಮಕ್ಕಳು ದಮ್ಮಿನಿಂದ ನರಳಿದರು. ಕೊಳಚೆ ತುಂಬಿದ ಕೊಲ್ಲಿಗೆ ಜನ ಸಾವಿನ ಸಮುದ್ರವೆಂದು ಹೆಸರಿಟ್ಟರು. ಅದರ ನೀರಿನಲ್ಲಿ ಪ್ರಾಣವಾಯುವೇ ಇಲ್ಲವೆಂದು ಪರೀಕ್ಷೆಗಳು ತೋರಿಸಿದವು. ಹಡಗುಗಳ ಕೆಳಗಿನ ಲೋಹದ ರೆಕ್ಕೆಗಳು ಕೂಡಾ ಸವೆಯುತ್ತಿದ್ದವು.

ಮನೆಯಿಂದ ಎದ್ದ ಧ್ವನಿ

ಮೊದಲು ಮಾತನಾಡಿದವರು ಅಧಿಕಾರಿಗಳಲ್ಲ, ವಿದ್ವಾಂಸರಲ್ಲ, ಗೃಹಿಣಿಯರು. ಒಗೆದು ಹರವಿದ ಬಟ್ಟೆ ಸಂಜೆಗೆ ಕಪ್ಪಾಗುವುದನ್ನು ದಿನವೂ ಕಂಡವರು ಅವರೇ ತಾನೆ? ತೊಬಾತಾ ಭಾಗದ ಮಹಿಳಾ ಸಂಘಗಳು 1950ರಷ್ಟು ಹಿಂದೆಯೇ ವಿದ್ಯುತ್ ಸ್ಥಾವರದ ಮಸಿಯ ವಿರುದ್ಧ ದೂರಿದ್ದವು. 60ರ ದಶಕದಲ್ಲಿ ಆ ಮಹಿಳೆಯರು ವಿಶ್ವವಿದ್ಯಾನಿಲಯದ ಅಧ್ಯಾಪಕರಿಂದ ವಿಧಾನ ಕಲಿತು, ಬೀಳುವ ಮಸಿಯನ್ನು ಸಂಗ್ರಹಿಸಿ ಅಳೆದರು; ಶಾಲಾ ಮಕ್ಕಳ ಗೈರುಹಾಜರಿಗೂ ಗಾಳಿಯ ಮಾಲಿನ್ಯಕ್ಕೂ ಇರುವ ನಂಟನ್ನು ಪರಿಶೀಲಿಸಿದರು. 1965ರಲ್ಲಿ 'ನಮಗೆ ನೀಲಿ ಆಕಾಶ ಬೇಕು' ಎಂಬ ಹೆಸರಿನಲ್ಲಿ ತಾವೇ ಒಂದು ಸಣ್ಣ ಚಲನಚಿತ್ರ ತಯಾರಿಸಿ ತೋರಿಸಿದರು.

ಇದು ಸುಲಭದ ಕೆಲಸವಾಗಿರಲಿಲ್ಲ. ಅವರಲ್ಲಿ ಅನೇಕರ ಗಂಡಂದಿರು ಅದೇ ಕಾರ್ಖಾನೆಗಳ ನೌಕರರು. ಮನೆಯ ಅನ್ನ ಬರುತ್ತಿದ್ದುದೇ ಆ ಹೊಗೆಯಿಂದ. ಇಲ್ಲಿ ಪ್ರವಾದಿವರ್ಯರು(ಸ) ಕೊಟ್ಟ ಹಡಗಿನ ಉಪಮೆ ನೆನಪಾಗುತ್ತದೆ. ನುಅ್‌ಮಾನ್ ಬಿನ್ ಬಶೀರ್‌ರಿಂದ(ರ) ವರದಿಯಾಗಿ ಸಹೀಹ್ ಬುಖಾರಿಯಲ್ಲಿ ಬಂದಿರುವ ಆ ಹದೀಸಿನಂತೆ, ಹಡಗಿನ ಕೆಳ ಅಂತಸ್ತಿನವರು ನೀರಿಗಾಗಿ ತಮ್ಮ ಪಾಲಿನ ಜಾಗದಲ್ಲೇ ತೂತು ಕೊರೆಯಲು ಹೊರಡುತ್ತಾರೆ. ಮೇಲಿನವರು ಸುಮ್ಮನಿದ್ದರೆ ಎಲ್ಲರೂ ಮುಳುಗುತ್ತಾರೆ. ಕೈ ಹಿಡಿದು ತಡೆದರೆ ಎಲ್ಲರೂ ಉಳಿಯುತ್ತಾರೆ. ಕಿತಾಕ್ಯೂಶುವಿನ ಮಹಿಳೆಯರು ತಡೆದದ್ದು ಪರಕೀಯರನ್ನಲ್ಲ, ತಮ್ಮ ಅನ್ನದಾತರನ್ನು. ಹಡಗನ್ನು ಮುಳುಗಿಸಲಲ್ಲ, ಉಳಿಸಲು.

ತಿದ್ದುಪಡಿಯ ಲೆಕ್ಕ

ಸೂರಃ ಅಲ್‌ಬಕರಃದ 160ನೆಯ ಸೂಕ್ತವನ್ನು ಗಮನಿಸಿರಿ. ಅಲ್ಲಾಹನ ಮಾರ್ಗದರ್ಶನವನ್ನು ಬಚ್ಚಿಟ್ಟವರ ಸಂದರ್ಭದಲ್ಲಿ ಅದು ಬಂದಿದ್ದರೂ ಪಶ್ಚಾತ್ತಾಪದ ಸ್ವರೂಪವನ್ನು ಸ್ಪಷ್ಟವಾಗಿ ಕಲಿಸುತ್ತದೆ. ಕ್ಷಮೆಗೆ ಪಾತ್ರರಾಗುವವರು ಮೂರು ಕೆಲಸ ಮಾಡುತ್ತಾರೆ. ತೌಬಾ ಮಾಡುತ್ತಾರೆ, ಕೆಡಿಸಿದ್ದನ್ನು ಸರಿಪಡಿಸುತ್ತಾರೆ, ಮುಚ್ಚಿಟ್ಟದ್ದನ್ನು ಬಹಿರಂಗಪಡಿಸುತ್ತಾರೆ.

ಕಿತಾಕ್ಯೂಶುವಿನಲ್ಲಿ ಬಚ್ಚಿಟ್ಟದ್ದನ್ನು ಮಹಿಳೆಯರು ಬಹಿರಂಗಪಡಿಸಿದ್ದರು. ಮುಂದಿನದು ನಿಲ್ಲಿಸುವ ಕೆಲಸ. 1972ರಲ್ಲಿ ನಗರಾಡಳಿತವು 54 ಕಂಪೆನಿಗಳೊಂದಿಗೆ ಮಾಲಿನ್ಯ ತಡೆಯುವ ಒಪ್ಪಂದ ಮಾಡಿಕೊಂಡಿತು. ಕಾರ್ಖಾನೆಗಳು ಗಂಧಕ ಕಡಿಮೆ ಇರುವ ಇಂಧನಕ್ಕೆ ಬದಲಾದವು, ಧೂಳು ಹಿಡಿಯುವ ಯಂತ್ರಗಳನ್ನು ಅಳವಡಿಸಿದವು. ಆಮೇಲೆ ಸರಿಪಡಿಸುವ ಕೆಲಸ. 1974-75ರಲ್ಲಿ ಕೊಲ್ಲಿಯ ತಳದಿಂದ ಪಾದರಸ ಬೆರೆತ ಕೆಸರನ್ನು, ಸುಮಾರು ಮೂರೂವರೆ ಲಕ್ಷ ಘನ ಮೀಟರಿನಷ್ಟು, ಮೇಲೆತ್ತಲಾಯಿತು. ವೆಚ್ಚದ ದೊಡ್ಡ ಪಾಲನ್ನು ಕೆಡಿಸಿದ ಕಂಪೆನಿಗಳೇ ಭರಿಸಿದವು. 1972ರಿಂದ 1991ರ ವರೆಗೆ ನಗರಾಡಳಿತ ಮತ್ತು ಕೈಗಾರಿಕೆಗಳು ಸೇರಿ ಈ ಕಾರ್ಯಗಳಿಗೆ ಸುಮಾರು 80 ಸಾವಿರ ಕೋಟಿ ಯೆನ್ ಖರ್ಚು ಮಾಡಿದವು. ಕೆಡಿಸುವುದು ಅಗ್ಗ, ಸರಿಪಡಿಸುವುದು ದುಬಾರಿ!

ಆದರೆ ಕೊಲ್ಲಿಯನ್ನು ತೊಳೆಯಬಹುದು; ಕೆಟ್ಟ ಶ್ವಾಸಕೋಶವನ್ನು ತೊಳೆಯಲಾದೀತೆ? ಇದು ದಾಸರ ಹಕ್ಕಿನ ಪ್ರಶ್ನೆ. ನಮಾಝ್, ಉಪವಾಸ, ಝಕಾತ್‌ಗಳೊಂದಿಗೆ ಬಂದರೂ ಇತರರ ಮೇಲೆಸಗಿದ ಅನ್ಯಾಯದಿಂದಾಗಿ ತನ್ನ ಪುಣ್ಯಗಳನ್ನೆಲ್ಲ ಅವರಿಗೆ ಕಳಕೊಳ್ಳುವವನನ್ನೇ ಪ್ರವಾದಿವರ್ಯರು(ಸ) ನಿಜವಾದ ದಿವಾಳಿಯೆಂದು ಕರೆದರು. ಈ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಅನ್ಯಾಯಕ್ಕೊಳಗಾದವನಿಗೆ ಅವನ ಹಕ್ಕನ್ನು ಮರಳಿಸದೆ ತೌಬಾ ಪೂರ್ಣವಾಗದೆಂದು ವಿದ್ವಾಂಸರು ಹೇಳಿರುವುದು ಇದಕ್ಕಾಗಿಯೇ. ಜಪಾನ್ 1973ರಲ್ಲಿ ಒಂದು ಕಾನೂನು ಮಾಡಿ, ಹೊಗೆಯುಗುಳುವ ಕಾರ್ಖಾನೆಗಳಿಂದ ಹಣ ವಸೂಲು ಮಾಡಿ ಮಾಲಿನ್ಯದಿಂದ ರೋಗಿಗಳಾದವರಿಗೆ ಪರಿಹಾರ ಕೊಡಿಸಿತು. ದೋಕಾಯಿ ಕೊಲ್ಲಿಯ ಕರಾವಳಿಯೂ ಅದರ ವ್ಯಾಪ್ತಿಗೆ ಬಂದಿತ್ತು. ಹಣವು ಆರೋಗ್ಯಕ್ಕೆ ಸಮವಲ್ಲ, ನಿಜ. ಆದರೆ ಹಕ್ಕುದಾರನೊಬ್ಬನಿದ್ದಾನೆ ಎಂದು ಒಪ್ಪಿಕೊಳ್ಳುವುದೇ ನ್ಯಾಯದ ಮೊದಲ ಮೆಟ್ಟಿಲು.

ಮರಳಿದ ಮೀನುಗಳು

ಕ್ರಮೇಣ ಆಕಾಶ ತಿಳಿಯಾಯಿತು. ಕೊಲ್ಲಿಗೆ ನೂರಕ್ಕೂ ಹೆಚ್ಚು ಬಗೆಯ ಜಲಚರಗಳು ಮರಳಿದವು. 1990ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಆ ನಗರವನ್ನು ಗೌರವಿಸಿತು. 1997ರಲ್ಲಿ ಸಮುದ್ರ ತುಂಬಿಸಿ ಮಾಡಿದ ನೆಲದಲ್ಲಿ ಹಳೆಯ ಬಾಟಲಿ, ವಾಹನ, ವಿದ್ಯುತ್ ಉಪಕರಣಗಳನ್ನು ಬಿಡಿಸಿ ಮತ್ತೆ ಬಳಕೆಗೆ ತರುವ ಉದ್ಯಮಗಳ ಯೋಜನೆ ಆರಂಭವಾಯಿತು. ಕಾರ್ಖಾನೆಗಳನ್ನೆಲ್ಲ ಮುಚ್ಚಿ ಜನರನ್ನು ಹಸಿವಿಗೆ ತಳ್ಳಲಿಲ್ಲ. ದುಡಿಮೆಯ ರೀತಿಯನ್ನು ತಿದ್ದಿದರು.

ನಮ್ಮ ಪಾಲಿಗೆ

ಪ್ರಿಯ ವಾಚಕರೇ, ನಮ್ಮಲ್ಲಿ ಹೆಚ್ಚಿನವರಿಗೆ ಚಿಮಣಿಗಳಿಲ್ಲ. ಆದರೆ ಗ್ಯಾರೇಜಿನ ಹಳೆಯ ಆಯಿಲನ್ನು ನಾವು ಎಲ್ಲಿ ಚೆಲ್ಲುತ್ತೇವೆ? ಅಂಗಡಿಯ ಪ್ಲಾಸ್ಟಿಕ್ಕನ್ನು ಯಾರ ಕಿಟಕಿಯ ಕೆಳಗೆ ಸುಡುತ್ತೇವೆ? ಬಕ್ರೀದ್‌ನ ದಿನ ಕುರ್ಬಾನಿಯ ತ್ಯಾಜ್ಯವು ಹೊಂಡಕ್ಕೆ ಹೋಗುತ್ತದೆಯೇ, ಊರ ತೋಡಿಗೆ ಹೋಗುತ್ತದೆಯೇ? ಸಂಪಾದನೆ ಹಲಾಲ್ ಆಗಬೇಕೆಂದು ಎಚ್ಚರ ವಹಿಸುವ ನಾವು, ಆ ಸಂಪಾದನೆಯ ಕೊಳೆ ಯಾರ ಮನೆಗೆ ಹರಿಯಿತೆಂದು ಕೇಳಿದ್ದೇವೆಯೇ?

ದಾರಿಯಿಂದ ಉಪದ್ರವಕಾರಿ ವಸ್ತುವನ್ನು ಸರಿಸುವುದೂ ಈಮಾನಿನ ಒಂದು ಶಾಖೆ. ಅದನ್ನು ದಾರಿಗೆ ಹಾಕಿದವರೇ ನಾವಾಗಿದ್ದರೆ, ಸರಿಸುವುದು ಕೇವಲ ಪುಣ್ಯಕಾರ್ಯವಲ್ಲ, ತೀರಿಸಬೇಕಾದ ಸಾಲ. ಪರಲೋಕದಲ್ಲಿ ಪುಣ್ಯಗಳಿಂದ ತೀರಿಸಬೇಕಾಗಿ ಬರುವ ಮುನ್ನ ಆ ಸಾಲವನ್ನು ಇಲ್ಲೇ ತೀರಿಸುವ ಸದ್ಬುದ್ಧಿಯನ್ನು ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.