ವಾಹನದ ವಾರಂಟಿ ನಿರಾಕರಣೆ: ವರ್ತಕರು ಗ್ರಾಹಕರಲ್ಲವೇ?

ವಾರಂಟಿ ಅವಧಿಯಲ್ಲಿಯೇ ಕಾರಿನ ಎಂಜಿನ್ ಕೆಟ್ಟು, 'ನಿರ್ವಹಣೆಯ ದೋಷ' ಎಂಬ ಒಂದೇ ಮಾತಿನಿಂದ ಕಂಪನಿಯು ನುಣುಚಿಕೊಂಡಾಗ ಜಮಖಂಡಿ, ರಬಕವಿ-ಬನಹಟ್ಟಿ ಭಾಗದ ವರ್ತಕ ಬಂಧುಗಳಲ್ಲಿ ಅನೇಕರು ಸುಮ್ಮನಾಗುತ್ತಾರೆ. ಬಿಲ್ಲು ಸಂಸ್ಥೆಯ ಹೆಸರಿನಲ್ಲಿದೆ, ಲೆಕ್ಕದಲ್ಲಿ ಸವಕಳಿ ತೆಗೆದಿದೆ. ಆದ್ದರಿಂದ ತಾವು ಕಾನೂನಿನ ಕಣ್ಣಿನಲ್ಲಿ ಗ್ರಾಹಕರಲ್ಲವೆಂಬುದು ಅವರ ಎಣಿಕೆ. ಅದು ಪೂರ್ತಿ ಸರಿಯಲ್ಲ.

2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ವಾಣಿಜ್ಯ ಉದ್ದೇಶಕ್ಕೆ ಕೊಂಡ ಸರಕನ್ನು ಹೊರಗಿಡುವುದು ನಿಜ. ಆದರೆ ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯಕ್ಕೆಂದೇ ಕೊಂಡದ್ದು ಅದರಲ್ಲಿ ಸೇರದು. ಡೈಮ್ಲರ್ ಕ್ರೈಸ್ಲರ್ ವಿರುದ್ಧ ಕಂಟ್ರೋಲ್ಸ್ ಅಂಡ್ ಸ್ವಿಚ್‌ಗೇರ್ ಪ್ರಕರಣದಲ್ಲಿ (2024) ಕಂಪನಿಯು ತನ್ನ ನಿರ್ದೇಶಕರ ಬಳಕೆಗೆ ಕೊಂಡ ಕಾರು ಕೂಡ ವಾಣಿಜ್ಯ ಉದ್ದೇಶದ್ದಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಕಬ್ಬು ಸಾಗಿಸಲು ನಾಲ್ಕಾರು ಲಾರಿಗಳನ್ನು ಬಾಡಿಗೆಗೆ ಬಿಟ್ಟವರ ಸ್ಥಿತಿ ಬೇರೆ. ಅವರಿಗೆ 1930ರ ಸರಕು ಮಾರಾಟ ಅಧಿನಿಯಮದ 59ನೇ ಕಲಮು ಮತ್ತು ಸಿವಿಲ್ ನ್ಯಾಯಾಲಯವೇ ದಾರಿ.

ನಿಜವಾದ ತೊಡಕು ಸಾಕ್ಷ್ಯದ್ದು. ತಯಾರಿಕಾ ದೋಷವನ್ನು ರುಜುವಾತುಪಡಿಸಬೇಕಾದವರು ದೂರುದಾರರು. ಬಿಚ್ಚಿದ ಪಿಸ್ಟನ್, ಬೇರಿಂಗುಗಳು ಗುಜರಿ ಸೇರಿದ ಮೇಲೆ ತಜ್ಞರು ನೋಡುವುದಾದರೂ ಏನನ್ನು? ಆದ್ದರಿಂದ ಎಂಜಿನ್ ಬಿಚ್ಚುವಾಗ ತಮ್ಮ ಪರವಾಗಿ ಮೆಕ್ಯಾನಿಕಲ್ ಎಂಜಿನಿಯರೊಬ್ಬರು ಹಾಜರಿರಲಿ. ಭಾವಚಿತ್ರ ತೆಗೆಸಿ, ಹಳೆಯ ಭಾಗಗಳನ್ನು ಕಾಯ್ದಿಡುವಂತೆ ಡೀಲರರಿಗೆ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಯಾವ ಷರತ್ತಿನ ಮೇರೆಗೆ ನಿರಾಕರಿಸಲಾಗಿದೆ ಎಂಬುದನ್ನು ಲಿಖಿತವಾಗಿಯೇ ಕೇಳಬೇಕು. ಸರ್ವಿಸ್ ಬಿಲ್ಲು, ಜಾಬ್ ಕಾರ್ಡುಗಳನ್ನು ವೋಚರ್ ಫೈಲಿನಲ್ಲಿ ಹೂಳದೆ ಬೇರೆಯಾಗಿಡುವುದು ಲೇಸು. ಕೆಲವು ನೂರು ರೂಪಾಯಿ ಉಳಿಸಲು ಬಿಲ್ಲಿಲ್ಲದೆ ಆಯಿಲ್ ಬದಲಿಸಿದವರು ಇಲ್ಲಿಯೇ ಸೋಲುತ್ತಾರೆ. ಆಯೋಗವು 38ನೇ ಕಲಮಿನ ಮೇರೆಗೆ ಪ್ರಯೋಗಾಲಯದ ಪರೀಕ್ಷೆಗೆ ಆದೇಶಿಸಬಲ್ಲದು. ಅದರ ಶುಲ್ಕವನ್ನು ದೂರುದಾರರು ಮುಂಗಡ ಕಟ್ಟಬೇಕು.

ಹೊಸ ಕಾರೇ ಬೇಕೆಂಬ ಹಟವೂ ಬೇಡ. ಮಾರುತಿ ಉದ್ಯೋಗ್ ವಿರುದ್ಧ ಸುಶೀಲ್ ಕುಮಾರ್ ಗಬ್‌ಗೋತ್ರಾ ಪ್ರಕರಣದಲ್ಲಿ (2006) ವಾರಂಟಿಯ ಹೊಣೆ ದೋಷಯುಕ್ತ ಭಾಗದ ದುರಸ್ತಿ ಅಥವಾ ಬದಲಾವಣೆಗೆ ಸೀಮಿತವೆಂದು ತೀರ್ಪಾಯಿತು. ಎಂಜಿನ್ ಬದಲಾವಣೆ, ಅದರೊಡನೆ ಪರಿಹಾರ ಹಾಗೂ ವೆಚ್ಚ ಕೇಳುವುದು ವಿವೇಕ.

ಚಿಕ್ಕಪಡಸಲಗಿಯವರು ಹುಬ್ಬಳ್ಳಿಯಲ್ಲಿ ಕಾರು ಕೊಂಡಿದ್ದರೂ, ದೂರುದಾರರ ವಾಸಸ್ಥಳದ ಆಧಾರದಿಂದ ಬಾಗಲಕೋಟೆಯ ಜಿಲ್ಲಾ ಗ್ರಾಹಕ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರಿರಬಾರದು. 5 ಲಕ್ಷದವರೆಗೆ ಶುಲ್ಕವಿಲ್ಲ. 10ರಿಂದ 20 ಲಕ್ಷದವರೆಗೆ 400 ರೂಪಾಯಿ. ಅವಧಿ ವ್ಯಾಜ್ಯಕಾರಣ ಹುಟ್ಟಿದಂದಿನಿಂದ ಎರಡು ವರ್ಷ. 'ಪರಿಶೀಲಿಸುತ್ತೇವೆ' ಎಂಬ ಕಂಪನಿಯ ಪತ್ರಗಳನ್ನು ನಂಬಿ ಕಾಯುತ್ತ ಕುಳಿತರೆ ಆ ಅವಧಿ ತಾನಾಗಿ ಬೆಳೆಯುವುದಿಲ್ಲ.