ಮನೆಯಲ್ಲಾದ ಮರಣವನ್ನು ನೋಂದಾಯಿಸುವುದು

ಗ್ರಾಮದಲ್ಲಿ ಯಾರಾದರೂ ಮೃತಪಟ್ಟರೆ ನೆಂಟರಿಗೆ ಹೇಳಿಕಳುಹಿಸುವುದು, ಶವಸಂಸ್ಕಾರ, ತಿಥಿ ಇವೆಲ್ಲವೂ ತಪ್ಪದೆ ನಡೆಯುತ್ತವೆ. ಮರಣವನ್ನು ನೋಂದಾಯಿಸುವ ಕೆಲಸ ಮಾತ್ರ ಅನೇಕ ಮನೆಗಳಲ್ಲಿ ಜಮೀನಿನ ಖಾತೆ ಬದಲಾಯಿಸಬೇಕಾದಾಗಲೇ ನೆನಪಿಗೆ ಬರುತ್ತದೆ. ಆದುದರಿಂದ ಹೆಸರಿನಲ್ಲಿ ಜಮೀನಿಲ್ಲದ ಹೆಂಗಸರ ಮತ್ತು ಎಳೆಯ ಮಕ್ಕಳ ಮರಣಗಳು ಲೆಕ್ಕಕ್ಕೇ ಸೇರದೆ ಉಳಿಯುವುದುಂಟು.

ಸಾಂಕ್ರಾಮಿಕ ರೋಗಗಳ ಕಾಲದಲ್ಲಿ ಇದರ ಪರಿಣಾಮ ದೊಡ್ಡದು. 2020 ಮತ್ತು 2021ರಲ್ಲಿ ಕೋವಿಡ್‌ನಿಂದ ಆದವೆಂದು ಜಗತ್ತಿನ ದೇಶಗಳು ವರದಿ ಮಾಡಿದ ಮರಣಗಳು ಸುಮಾರು 54 ಲಕ್ಷ. ಆದರೆ ಆ ಎರಡು ವರ್ಷಗಳಲ್ಲಿ ವಾಡಿಕೆಗಿಂತ ಹೆಚ್ಚಾಗಿ ಸಂಭವಿಸಿದ ಮರಣಗಳು ಸುಮಾರು 1 ಕೋಟಿ 49 ಲಕ್ಷವೆಂದು ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಅಂದಾಜು ಮಾಡಿತು. ಇದರಲ್ಲಿ ನಮ್ಮ ದೇಶಕ್ಕೆ ಹೇಳಿದ ಅಂಕಿಯನ್ನು ಭಾರತ ಸರ್ಕಾರವು ಒಪ್ಪಲಿಲ್ಲ. ಪ್ರತಿಯೊಂದು ಮರಣವೂ ಕಾರಣಸಹಿತವಾಗಿ ದಾಖಲಾಗಿದ್ದರೆ ಅಂದಾಜಿಗಾಗಲಿ ವಾದಕ್ಕಾಗಲಿ ಎಡೆಯೇ ಇರುತ್ತಿರಲಿಲ್ಲ.

ಊರವರು ದೂರವಿಡುವರೆಂಬ ಭಯದಿಂದ ಆಗ ಕೆಲವರು ಕಾಯಿಲೆಯನ್ನು ಮುಚ್ಚಿಟ್ಟರು. ಮುಂದೆ 2021ರಲ್ಲಿ, ಕೋವಿಡ್‌ನಿಂದ ಮೃತರಾದವರ ಕುಟುಂಬಕ್ಕೆ 50,000 ರೂಪಾಯಿಗಳ ಪರಿಹಾರ ಗೊತ್ತಾದಾಗ ಕಾರಣವನ್ನು ತೋರಿಸುವ ಕಾಗದಪತ್ರವೇ ಬೇಕಾಯಿತು.

"ಏನಾಗಿತ್ತು?" ಎಂದು ಆಶಾ ಕಾರ್ಯಕರ್ತೆಯಾಗಲಿ ವೈದ್ಯರಾಗಲಿ ಕೇಳಿದಾಗ "ವಯಸ್ಸಾಗಿತ್ತು", "ಹೃದಯ ನಿಂತುಹೋಯಿತು" ಎಂಬ ಉತ್ತರ ಸಾಲದು. ಸಾಯುವವರೆಲ್ಲರಿಗೂ ಹೃದಯ ನಿಲ್ಲುತ್ತದೆ, ಅದು ಕಾರಣವಲ್ಲ. ಜ್ವರ ಎಷ್ಟು ದಿನವಿತ್ತು, ಕೆಮ್ಮು ಮತ್ತು ಉಬ್ಬಸ ಎಂದು ಮೊದಲಾದವು, ಸಕ್ಕರೆ ಕಾಯಿಲೆ ಇತ್ತೇ, ಮನೆಯಲ್ಲಿ ಮತ್ತಾರಿಗಾದರೂ ಜ್ವರ ಬಂದಿತ್ತೇ ಎಂಬುದನ್ನು ಹೇಳಬೇಕು. ಮೃತಳು ಗರ್ಭಿಣಿಯಾಗಿದ್ದರೆ ಅಥವಾ ಹೆರಿಗೆಯಾಗಿ 42 ದಿನ ಕಳೆದಿರದಿದ್ದರೆ ಅದನ್ನು ಅವಶ್ಯವಾಗಿ ತಿಳಿಸಬೇಕು. ಸಾಮಾನ್ಯವಾಗಿ ಮನೆಯ ಯಜಮಾನನೇ ಉತ್ತರ ಕೊಡುತ್ತಾನೆ. ಆದರೆ ರೋಗಿಗೆ ಗಂಜಿ ಕುಡಿಸಿ, ರಾತ್ರಿಯೆಲ್ಲ ಬಳಿಯಲ್ಲಿ ಕುಳಿತಿದ್ದವಳು ಅವನ ಹೆಂಡತಿ. ಅವಳಿಗೆ ತಿಳಿದಷ್ಟು ಅವನಿಗೆ ತಿಳಿದಿರಲಾರದು. ಆದುದರಿಂದ ದಂಪತಿಗಳಿಬ್ಬರೂ ಕುಳಿತು ಹೇಳುವುದು ಲೇಸು.

ಕೊನೆಯ ಕಾಯಿಲೆಯಲ್ಲಿ ಚಿಕಿತ್ಸೆ ಮಾಡಿದ ವೈದ್ಯರು ಮರಣದ ಕಾರಣದ ಪ್ರಮಾಣಪತ್ರವನ್ನು ಶುಲ್ಕವಿಲ್ಲದೆ ಕೊಡತಕ್ಕದ್ದು. ಆಸ್ಪತ್ರೆಯಲ್ಲಾದ ಮರಣವನ್ನು ಆಸ್ಪತ್ರೆಯವರೇ ವರದಿ ಮಾಡುತ್ತಾರೆ. ಮನೆಯಲ್ಲಾದುದನ್ನು ಮನೆಯವರೇ ಆ ಗ್ರಾಮದ ಜನನ ಮರಣ ನೋಂದಣಾಧಿಕಾರಿಗೆ ತಿಳಿಸಬೇಕು. 1969ರ ಕಾಯಿದೆಯಂತೆ 21 ದಿನಗಳೊಳಗೆ ತಿಳಿಸಿದರೆ ಶುಲ್ಕವಿಲ್ಲ. 30 ದಿನಗಳವರೆಗೆ ತಡವಾದರೆ ಶುಲ್ಕ ತೆರಬೇಕು. ಆಮೇಲೆ ಅಧಿಕಾರಿಗಳ ಲಿಖಿತ ಅನುಮತಿಯೂ, ಒಂದು ವರ್ಷ ಕಳೆದರೆ ಮ್ಯಾಜಿಸ್ಟ್ರೇಟರ ಆದೇಶವೂ ಬೇಕಾಗುತ್ತದೆ.