ಮೀನಿನ ಅಲರ್ಜಿ ಮತ್ತು ರಕ್ತಪರೀಕ್ಷೆ

ಶೃಂಗೇರಿಯ ಮಠದ ಬಳಿ ತುಂಗೆಯಲ್ಲಿರುವ ಮೀನುಗಳು ಪೂಜ್ಯವಾದವು. ಅವನ್ನು ಯಾರೂ ಹಿಡಿಯರು. ಆದರೆ ನರಸಿಂಹರಾಜಪುರದ ಕಡೆ ಭದ್ರೆಯ ಹಿನ್ನೀರಿನ ಮೀನೂ, ಕೊಪ್ಪದ ಕಡೆ ಕರಾವಳಿಯಿಂದ ಘಟ್ಟವೇರಿ ಬರುವ ಬಂಗುಡೆ, ಬೂತಾಯಿಗಳೂ ಅನೇಕರಿಗೆ ಪ್ರಿಯವಾದ ಆಹಾರ. ಜೊತೆಯಲ್ಲಿ ಉಂಡವರೆಲ್ಲರೂ ಸುಖವಾಗಿರುವಾಗ ಒಬ್ಬನಿಗೆ ಮಾತ್ರ ಮೈಯೆಲ್ಲ ದದ್ದು ಏಳುವುದುಂಟು. ಇದೇ ಅಲರ್ಜಿ. ಇದನ್ನು ರಕ್ತದಿಂದ ತಿಳಿಯುವ ಬಗೆಯನ್ನು ನಾವೀಗ ವಿಚಾರ ಮಾಡೋಣ.

ಜರ್ಮನಿಯ ವೈದ್ಯ ಕ್ಯುಸ್ಟ್ನರ್ ಅವರಿಗೆ ಮೀನು ಒಗ್ಗುತ್ತಿರಲಿಲ್ಲ. ಅವರ ಸಹೋದ್ಯೋಗಿ ಪ್ರೌಸ್ನಿಟ್ಸ್ ಅವರಿಗೆ ಅಂತಹ ತೊಂದರೆಯಿರಲಿಲ್ಲ. ಪ್ರೌಸ್ನಿಟ್ಸ್ ಅವರು ಕ್ಯುಸ್ಟ್ನರ್ ಅವರ ರಕ್ತದ ತಿಳಿದ್ರವವನ್ನು ತಮ್ಮ ಚರ್ಮಕ್ಕೆ ಚುಚ್ಚಿಸಿಕೊಂಡು, ಮರುದಿನ ಅದೇ ಜಾಗಕ್ಕೆ ಮೀನಿನ ಸಾರವನ್ನು ಚುಚ್ಚಿಸಿದರು. ಅಲ್ಲಿ ಗಂಧೆ ಎದ್ದಿತು! ರೋಗಕಾರಕವಾದ ಯಾವುದೋ ವಸ್ತು ರಕ್ತದಲ್ಲಿಯೇ ಇದೆಯೆಂಬುದು 1921ರಲ್ಲಿ ಹೀಗೆ ಸಿದ್ಧವಾಯಿತು. ಆ ವಸ್ತು ಐಜಿಇ ಎಂಬ ಪ್ರತಿಕಾಯವೆಂದು 1966-67ರಲ್ಲಿ ತಿಳಿದುಬಂದಿತು.

ಪರೀಕ್ಷೆಯ ತತ್ತ್ವ ಸರಳವಾದುದು. ಮೀನಿನ ಪ್ರೋಟೀನನ್ನು ಒಂದು ಆಧಾರಕ್ಕೆ ಅಂಟಿಸಿ, ಅದರ ಮೇಲೆ ರೋಗಿಯ ರಕ್ತದ್ರವವನ್ನು ಸುರಿಯುವರು. ಮೀನಿಗೆ ಹೊಂದುವ ಪ್ರತಿಕಾಯ ಮಾತ್ರ ಅಲ್ಲಿ ಅಂಟಿಕೊಳ್ಳುವುದು, ಉಳಿದುದು ತೊಳೆದುಹೋಗುವುದು. ಅಂಟಿದುದನ್ನು ಅಳೆಯಲು ಮೊದಲು ವಿಕಿರಣಶೀಲ ಅಯೊಡಿನ್ನಿನ ಗುರುತನ್ನು ಬಳಸಿದರು. ಇಂದು ಕಿಣ್ವದಿಂದ ಹೊಮ್ಮುವ ಪ್ರತಿದೀಪ್ತಿಯ ಬೆಳಕನ್ನು ಅಳೆಯುವರು. ಮಿಲಿಲೀಟರಿಗೆ 0.35 ಯೂನಿಟ್, ಎಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲೊಂದು ಭಾಗಕ್ಕಿಂತಲೂ ಕಡಮೆ ಪ್ರಮಾಣ, ಇದರಿಂದ ಗೊತ್ತಾಗುವುದು!

ಆದರೆ ಪ್ರತಿಕಾಯವಿದ್ದ ಮಾತ್ರಕ್ಕೆ ರೋಗವಿದೆಯೆನ್ನಲಾಗದು. ಬೆಂಗಳೂರು, ಮೈಸೂರುಗಳ ವಯಸ್ಕರನ್ನು ಕುರಿತು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಯಾವುದಾದರೊಂದು ಆಹಾರಕ್ಕೆ ಪ್ರತಿಕಾಯವಿದ್ದವರು ನೂರಕ್ಕೆ 26.5, ನಿಜವಾಗಿ ಅಲರ್ಜಿಯಿರುವ ಸಂಭವವಿದ್ದವರು 1.2 ಮಾತ್ರ. ಬರಿಯ ಅಂಕಿಯನ್ನು ನಂಬಿದರೆ, ಅನೇಕರು ಒಳ್ಳೆಯ ಆಹಾರವನ್ನು ವೃಥಾ ತ್ಯಜಿಸಬೇಕಾದೀತು.

ಇದಕ್ಕೆ ವಿರುದ್ಧವಾದ ಸಂದರ್ಭವೂ ಉಂಟು. ಸರಿಯಾಗಿ ಮಂಜುಗಡ್ಡೆಯಲ್ಲಿಡದ ಬಂಗುಡೆಯಲ್ಲಿ ಬ್ಯಾಕ್ಟೀರಿಯಾಗಳು ಹಿಸ್ಟಮಿನ್ ಎಂಬ ವಸ್ತುವನ್ನುಂಟುಮಾಡುವುವು. ಕುದಿಸಿದರೂ ಅದು ನಾಶವಾಗದು. ತಿಂದವರಿಗೆ ಅಲರ್ಜಿಯಂತೆಯೇ ಮುಖ ಕೆಂಪೇರಿ ತುರಿಕೆಯಾಗುವುದು. ಆದರೆ ಅಲರ್ಜಿಯ ರಕ್ತಪರೀಕ್ಷೆಯಲ್ಲಿ ಏನೂ ಕಾಣದು. ಇಲ್ಲಿ ದೋಷ ಮೀನಿನದು, ತಿಂದವನದಲ್ಲ.

ಆದುದರಿಂದಲೇ ವೈದ್ಯರು ಯಾವ ಮೀನು, ತಿಂದ ಎಷ್ಟು ಹೊತ್ತಿಗೆ, ಪ್ರತಿಸಲವೂ ಹೀಗಾಗುವುದೇ ಎಂದು ಮೊದಲು ಕೇಳುವುದು. ಈ ಉತ್ತರಗಳೊಡನೆ ಕೂಡಿದಾಗಲೇ ರಕ್ತದ ಅಂಕಿಗೆ ಅರ್ಥ. ಗಂಟಲು ಬಾತು ಉಸಿರು ಕಟ್ಟಿದರೆ ಮಾತ್ರ ಯಾವ ಪರೀಕ್ಷೆಗೂ ಕಾಯದೆ ಆಸ್ಪತ್ರೆಗೆ ಧಾವಿಸತಕ್ಕದ್ದು. ಆಗ ಪ್ರಾಣವುಳಿಸುವುದು ಅಡ್ರಿನಲಿನ್ ಚುಚ್ಚುಮದ್ದು.